ತಡವಾಗಿ ಬಂದ ಮಹಾವೀರ ಚಕ್ರ

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ತೀರಿಕೊಂಡದ್ದು 1965ರ ಸೆಪ್ಟೆಂಬರ್ 7ರ ಬೆಳಗ್ಗೆ, ಪಾಕಿಸ್ತಾನದ ಪಂಜಾಬಿನಲ್ಲಿ. ಅಂದು ಅವರು ಮಾಡಿದ್ದೇನು ಎಂಬುದು ಅವರದೇ ವಾಯುಪಡೆಗೆ ತಿಳಿದದ್ದು 1979ರ ಮೇಲೆ, ಅದೂ ಎದುರಾಳಿಯ ಕಡೆಯ ಮಾಹಿತಿಯಿಂದ ಬರೆದ ಇಂಗ್ಲಿಷ್ ಬರಹಗಾರನೊಬ್ಬನ ಪುಸ್ತಕದಿಂದ. ಮಹಾವೀರ ಚಕ್ರ ಅವರ ಪತ್ನಿಯ ಕೈ ಸೇರುವಾಗ 1988. ಸಾಯುವಾಗ ಅವರಿಗೆ ಮೂವತ್ತೆರಡು ವರ್ಷ. ಬದುಕಿದ್ದರೆ ಪದಕ ಬಂದ ವರ್ಷದಲ್ಲಿ ಐವತ್ತೈದು ದಾಟಿ, ನಿವೃತ್ತರಾಗಿ, ಮಕ್ಕಳ ಸಂಸಾರ ನೋಡುತ್ತ ಇರುತ್ತಿದ್ದರೇನೋ.

ಮಂಗಳೂರಿನಿಂದ ಹೊರಡುವ ಸಂಚಿಕೆಯಲ್ಲಿ ಕೊಡಗಿನವರೊಬ್ಬರ ಚರಿತ್ರೆ ಯಾಕೆ ಎಂದು ಕೇಳುವವರು ಇರಬಹುದು. ಸಂಪಾಜೆ ಘಟ್ಟವನ್ನು ಗಡಿ ಎಂದು ಭಾವಿಸುವುದು ಈಚಿನ ರೂಢಿ. ಪುತ್ತೂರು, ಸುಳ್ಯದ ಸೀಮೆಗಳು ಕೊಡಗಿನ ಅರಸರ ಕೈಯಲ್ಲಿದ್ದವು. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ನುಂಗಿ ಅಮರ ಸುಳ್ಯವನ್ನು ಕೆನರಾಕ್ಕೆ ಸೇರಿಸಿದ ಮೇಲೆ ರೈತರು ಬಂಡೆದ್ದು, 1837ರ ಏಪ್ರಿಲಿನಲ್ಲಿ ಮಂಗಳೂರಿಗೇ ಇಳಿದು ಬಂದು ಬಾವುಟ ಏರಿಸಿದರು. ಆ ಗುಡ್ಡೆಯನ್ನು ನಾವು ಇಂದಿಗೂ ಬಾವುಟಗುಡ್ಡೆ ಎಂದೇ ಕರೆಯುತ್ತೇವೆ. ಆಮೇಲೆ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಕೊಡಗಿನ ಕಾಲೇಜುಗಳೂ ಅದರ ತೆಕ್ಕೆಗೆ ಬಂದವು. ಮಡಿಕೇರಿಯ ಹುಡುಗರು ಪದವಿ ಪತ್ರಕ್ಕಾಗಿ ಕೊಣಾಜೆಯ ಮೆಟ್ಟಿಲು ಹತ್ತಿದ ಆ ವರ್ಷಗಳನ್ನು ಲೆಕ್ಕ ಹಿಡಿದರೆ, ದೇವಯ್ಯ ನಮಗೆ ಪರವೂರಿನವರಲ್ಲ. ಕದ್ರಿ ಗುಡ್ಡೆಯ ಯುದ್ಧ ಸ್ಮಾರಕದ ಮುಂದೆ ಹೂವಿಡುವಾಗ ನಾವು ಜಿಲ್ಲೆ ಕೇಳಿ ಇಡುವುದೂ ಇಲ್ಲ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ಭಾರತೀಯ ವಾಯುಪಡೆ ಕಾಯಿದೆಯ ಮೇಲೆ ಹುಟ್ಟಿದ್ದು ಅದೇ ವರ್ಷದ ಅಕ್ಟೋಬರ್ 8ರಂದು. ಅಂದರೆ ಪಡೆ ಇವರಿಗಿಂತ ಎರಡೂವರೆ ತಿಂಗಳಿಗೆ ಹಿರಿದು. ಕೊಡವರ ಪದ್ಧತಿಯಂತೆ ಒಕ್ಕದ ಹೆಸರು ಮೊದಲು, ತಂದೆಯ ಹೆಸರು ನಡುವೆ: ಅಜ್ಜಮಾಡ ಒಕ್ಕದ ಬೋಪಯ್ಯನವರ ಮಗ ದೇವಯ್ಯ. ಅವರು ಹುಟ್ಟುವಾಗ ಕೊಡಗು ಚೀಫ್ ಕಮಿಷನರ್ ಆಳುವ ಪುಟ್ಟ ಪ್ರಾಂತ, ಮಂಗಳೂರು ಮದರಾಸು ಪ್ರೆಸಿಡೆನ್ಸಿಯ ಜಿಲ್ಲಾ ಕೇಂದ್ರ. ಎರಡೂ ಒಂದೇ ದಿನ, 1956ರ ನವೆಂಬರ್ 1ರಂದು, ಮೈಸೂರು ರಾಜ್ಯಕ್ಕೆ ಸೇರಿದವು. ಅಷ್ಟರಲ್ಲಿ ದೇವಯ್ಯ ಎರಡು ವರ್ಷದ ವಾಯುಪಡೆ ಅಧಿಕಾರಿ.

ಇವರು ಕೊನೆಗೆ ಸೇರಿದ ತುಕಡಿ ವಾಯುಪಡೆಯ 1ನೇ ಸ್ಕ್ವಾಡ್ರನ್. ಅದರ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ಅದು ಇಡೀ ವಾಯುಪಡೆಯ ಬೇರು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ಅದು ಆರಂಭವಾದಾಗ ಇದ್ದದ್ದು ನಾಲ್ಕು ವಾಪಿಟಿ ವಿಮಾನಗಳು, ಬೆರಳೆಣಿಕೆಯ ಭಾರತೀಯ ಅಧಿಕಾರಿಗಳು, ಹತ್ತೊಂಬತ್ತು ಮಂದಿ ಹವಾಯಿ ಸಿಪಾಯಿಗಳು. ದಳಪತಿ ಸೆಸಿಲ್ ಬೌಶಿಯರ್ ಎಂಬ ಆಂಗ್ಲ. ಹರೀಶ್ ಚಂದ್ರ ಸರ್ಕಾರ್, ಸುಬ್ರತೊ ಮುಖರ್ಜಿ, ಭೂಪೇಂದ್ರ ಸಿಂಗ್, ಐಜಾದ್ ಬಕ್ಷ್ ಅವಾನ್, ಅಮರ್‌ಜಿತ್ ಸಿಂಗ್ ಇವರು ಇಂಗ್ಲೆಂಡಿನ ಕ್ರಾನ್‌ವೆಲ್‌ನಲ್ಲಿ ಕಲಿತು ಬಂದ ಪೈಲಟ್‌ಗಳು. ಅವರ ಜತೆ ಹೋಗಿದ್ದ ಜೆ. ಎನ್. ಟಂಡನ್ ಕುಳ್ಳಗಿದ್ದರೆಂದು ಹಾರಾಟ ಬಿಟ್ಟು ನೆಲದ ಕೆಲಸಕ್ಕೆ ಇಳಿಯಬೇಕಾಯಿತು. ಐವರಲ್ಲಿ ಇಬ್ಬರು, ಭೂಪೇಂದ್ರ ಸಿಂಗ್ ಮತ್ತು ಅಮರ್‌ಜಿತ್ ಸಿಂಗ್, ಮೊದಲ ವರ್ಷವೇ ಅಪಘಾತದಲ್ಲಿ ಸತ್ತರು. ಭಾರತೀಯರಿಗೆ ವಿಮಾನ ನಡೆಸಲು ಬರುವುದಿಲ್ಲ ಎಂಬ ಮಾತಿಗೆ ಉತ್ತರವನ್ನು ಈ ತುಕಡಿ 1942ರಲ್ಲಿ ಬರ್ಮಾದಲ್ಲಿ ಕೊಟ್ಟಿತು. ಕೆ. ಕೆ. ಮಜುಂದಾರರ ನಾಯಕತ್ವದಲ್ಲಿ, ಬಾಂಬ್ ಹಾಕಲೆಂದು ಕಟ್ಟದ ಲೈಸಾಂಡರ್ ವಿಮಾನಗಳಿಗೆ ಬಾಂಬ್ ಕಟ್ಟಿ ಜಪಾನೀಯರ ನೆಲೆಗಳ ಮೇಲೆ ಹೋದರು. 1944ರಲ್ಲಿ ಇಂಫಾಲದಲ್ಲಿ ಇದೇ ತುಕಡಿಯನ್ನು ನಡೆಸಿದವರು ಅರ್ಜನ್ ಸಿಂಗ್. ದೇಶ ಒಡೆದಾಗ ತುಕಡಿಯ ಸಂಖ್ಯೆ ಕೆಲಕಾಲ ಅಳಿದು ಹೋಗಿ, 1953ರಲ್ಲಿ ಮತ್ತೆ ಜೀವ ಪಡೆಯಿತು. ಹುಲಿ ಅದರ ಲಾಂಛನ. ಒಳಗಿನವರು ತಮ್ಮನ್ನು ಟೈಗರ್ಸ್ ಎಂದೇ ಕರೆದುಕೊಳ್ಳುತ್ತಾರೆ.

ದೇವಯ್ಯ ಅಧಿಕಾರಿಯಾದದ್ದು 1954ರಲ್ಲಿ. ಆ ವರ್ಷದ ಏಪ್ರಿಲ್ 1ರಂದು ಸುಬ್ರತೊ ಮುಖರ್ಜಿ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಸ್ವಾತಂತ್ರ್ಯ ಬಂದು ಏಳು ವರ್ಷವಾದರೂ ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಕುಳಿತಿದ್ದವರು ಬ್ರಿಟಿಷರು. ಕರಾವಳಿಗೆ ವಿಮಾನ ಎಂಬುದು ಆಗಷ್ಟೇ ಪರಿಚಯವಾಗುತ್ತಿದ್ದ ಕಾಲ ಅದು. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಂದು ಬಜ್ಪೆಯ ಗುಡ್ಡೆಯ ಮೇಲೆ ಇಳಿದಾಗ ನಮ್ಮ ನಿಲ್ದಾಣ ಶುರುವಾಯಿತು. ಹಿಂದಿನ ದಿನ ದೇವಯ್ಯನವರಿಗೆ ಹತ್ತೊಂಬತ್ತು ತುಂಬಿತ್ತು. ಕೊಡಗಿನ ಹುಡುಗರು ಸೈನ್ಯಕ್ಕೆ ಹೋಗುವುದು ಹೊಸತಲ್ಲ. ಕೋವಿಯನ್ನು ದೇವರ ಕೋಣೆಯಲ್ಲಿಟ್ಟು ಕೈಲ್ ಪೊಳ್ದ್‌ಗೆ ಪೂಜೆ ಮಾಡುವ ಜನ ಅವರು. ಆದರೆ ಅವರ ದಾರಿ ಹೆಚ್ಚಾಗಿ ಭೂಸೇನೆಯದು. ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ನೆಲದ ಮೇಲೆ ನಡೆದು ದೊಡ್ಡವರಾದವರು. ಆಕಾಶದ ದಾರಿ ಹಿಡಿದವರು ಆ ತಲೆಮಾರಿನಲ್ಲಿ ಕಡಿಮೆ.

ಹತ್ತು ವರ್ಷದ ಸೇವೆಯ ಬಗ್ಗೆ ನಾನು ಉದ್ದಕ್ಕೆ ಹೋಗುವುದಿಲ್ಲ. ಜತೆಯವರು ಪ್ರೀತಿಯಿಂದ ‘ಟಬ್ಬಿ’ ಎನ್ನುತ್ತಿದ್ದರು. 1965ರಲ್ಲಿ ಯುದ್ಧ ಹತ್ತಿರವಾದಾಗ ದೇವಯ್ಯ ಶಿಕ್ಷಕರಾಗಿದ್ದರು, ಹೊಸ ಹುಡುಗರಿಗೆ ಹಾರಾಟ ಕಲಿಸುವ ಕೆಲಸ. ಶಿಕ್ಷಕರಾಗಲು ಎಲ್ಲ ಪೈಲಟ್‌ಗಳಿಂದಲೂ ಆಗುವುದಿಲ್ಲ. ವಿದ್ಯಾರ್ಥಿ ತಪ್ಪು ಮಾಡುವವರೆಗೆ ಕಾಯುವ ತಾಳ್ಮೆ, ಮಾಡಿದ ಕೂಡಲೆ ಹತೋಟಿ ಹಿಡಿಯುವ ಚುರುಕು, ಎರಡೂ ಒಬ್ಬನಲ್ಲೇ ಬೇಕು. ಯುದ್ಧ ಬಂದಾಗ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ ಟೈಗರ್ಸ್ ತುಕಡಿಗೆ ಕಳಿಸಿದರು. ದಳಪತಿ ವಿಂಗ್ ಕಮಾಂಡರ್ ಓ. ಪಿ. ತನೇಜಾ. ವಾಯುಪಡೆಯ ಮುಖ್ಯಸ್ಥರು ಆಗ ಅರ್ಜನ್ ಸಿಂಗ್, ಇದೇ ತುಕಡಿಯ ಹಳೆಯ ದಳಪತಿ.

ತುಕಡಿ ಹಾರಿಸುತ್ತಿದ್ದದ್ದು ಫ್ರಾನ್ಸಿನ ದಸ್ಸೊ ಕಂಪನಿಯ ಮಿಸ್ಟೇರ್ ವಿಮಾನ. 1957ರಿಂದ ನಮ್ಮಲ್ಲಿತ್ತು. ಬಂದ ಹೊಸತರಲ್ಲಿ ಮೇಲಿನಿಂದ ಧುಮುಕಿ ಶಬ್ದದ ವೇಗ ದಾಟಿ ಊರ ಮೇಲೆ ಗುಡುಗು ಹಾಯಿಸುತ್ತಿದ್ದದ್ದು ಅದರ ಖ್ಯಾತಿ. ನೇರ ಹಾರಾಟದಲ್ಲಿ ಶಬ್ದದ ವೇಗ ಮುಟ್ಟುತ್ತಿರಲಿಲ್ಲ. ಮೂಗಿನ ಕೆಳಗೆ 30 ಮಿಲಿಮೀಟರಿನ ಎರಡು ಫಿರಂಗಿ. ಕ್ಷಿಪಣಿ ಇಲ್ಲ, ಹಗೆಯನ್ನು ಹುಡುಕುವ ರಾಡಾರ್ ಇಲ್ಲ. 1965ರ ಹೊತ್ತಿಗೆ ಅದನ್ನು ನೆಲದ ಗುರಿಗಳ ಮೇಲೆ ಬಾಂಬು, ರಾಕೆಟ್ಟು ಹಾಕುವುದಕ್ಕೆ ಇಟ್ಟುಕೊಂಡಿದ್ದರೇ ಹೊರತು ಆಕಾಶದಲ್ಲಿ ಕಾದಾಡುವುದಕ್ಕಲ್ಲ.

ಎದುರಿಗಿದ್ದದ್ದು ಅಮೆರಿಕದ ವಿಮಾನ. 1954ರ ಒಪ್ಪಂದದ ನಂತರ ಅಮೆರಿಕ ಪಾಕಿಸ್ತಾನಕ್ಕೆ ಸೇಬರ್‌ಗಳನ್ನು ಕೊಟ್ಟಿತ್ತು, ಮೇಲಿಂದ ಹನ್ನೆರಡು ಎಫ್-104 ಸ್ಟಾರ್‌ಫೈಟರ್‌ಗಳನ್ನೂ ಕೊಟ್ಟಿತ್ತು. ಸ್ಟಾರ್‌ಫೈಟರ್ ಎಂದರೆ ಲಾಕ್‌ಹೀಡ್ ಕಂಪನಿಯ ಕೆಲ್ಲಿ ಜಾನ್ಸನ್ ಕೊರಿಯಾ ಯುದ್ಧದ ಪೈಲಟ್‌ಗಳ ಮಾತು ಕೇಳಿ ಬಿಡಿಸಿದ ನಕ್ಷೆ: ಉದ್ದನೆಯ ಒಂದು ಎಂಜಿನ್ನು, ಅದರ ಮುಂದೆ ಒಬ್ಬ ಮನುಷ್ಯ, ಪಕ್ಕದಲ್ಲಿ ಹೆಸರಿಗೆ ಎರಡು ರೆಕ್ಕೆ. ಆ ರೆಕ್ಕೆಗಳ ಅಂಚು ಎಷ್ಟು ಹರಿತವೆಂದರೆ ನೆಲದ ಸಿಬ್ಬಂದಿಯ ಕೈ ಕೊಯ್ಯದಿರಲೆಂದು ಹೊದಿಕೆ ತೊಡಿಸಿಡುತ್ತಿದ್ದರು. ಶಬ್ದದ ಎರಡು ಪಟ್ಟು ವೇಗ, ನಿಮಿಷಕ್ಕೆ ಸಾವಿರಾರು ಗುಂಡು ಉಗುಳುವ ಆರು ನಳಿಗೆಯ ತಿರುಗುವ ಫಿರಂಗಿ, ಜತೆಗೆ ಬಿಸಿಯ ಜಾಡು ಹಿಡಿದು ಹೋಗುವ ಸೈಡ್‌ವೈಂಡರ್ ಕ್ಷಿಪಣಿ. ಅದಕ್ಕಿದ್ದ ಕೊರತೆ ಒಂದೇ: ಚಿಕ್ಕ ರೆಕ್ಕೆಯಿಂದಾಗಿ ಬೇಗ ತಿರುಗಲು ಆಗುತ್ತಿರಲಿಲ್ಲ. ಓಡಿ ಬಂದು ಹೊಡೆದು ಓಡಿ ಹೋಗುವುದು ಅದರ ಕ್ರಮ. ನಿಂತು ಸುತ್ತು ಹಾಕಿ ಜಗಳ ಆಡಿದರೆ ಸೋಲು.

ಸೆಪ್ಟೆಂಬರ್ 6ರಂದು ನಮ್ಮ ಸೇನೆ ಲಾಹೋರಿನ ದಿಕ್ಕಿಗೆ ಗಡಿ ದಾಟಿತು. ಅದೇ ಸಂಜೆ ಪಾಕಿಸ್ತಾನದ ಸೇಬರ್‌ಗಳು ಪಠಾಣ್‌ಕೋಟ್ ನೆಲೆಯ ಮೇಲೆ ಎರಗಿ ನಿಂತಿದ್ದ ವಿಮಾನಗಳನ್ನು ಸುಟ್ಟವು. ಹತ್ತು ವಿಮಾನ ಹೋದವು. ಅವುಗಳಲ್ಲಿ ಆರು ಮಿಸ್ಟೇರ್. ಮರುದಿನ ಬೆಳಗಿನ ದಾಳಿಗೆ ಆದಂಪುರದವರಿಗೆ ಬಂದ ಗುರಿ ಸರ್ಗೋಧಾ. ಪಾಕಿಸ್ತಾನದ ವಾಯುಪಡೆಯ ಹೃದಯ ಅದು. ಸ್ಟಾರ್‌ಫೈಟರ್‌ಗಳ ಮನೆ, ಸೇಬರ್‌ಗಳ ದೊಡ್ಡ ಗುಂಪು ಇದ್ದ ನೆಲೆ, ಸುತ್ತ ವಿಮಾನ ಹೊಡೆಯುವ ಫಿರಂಗಿಗಳ ಬೇಲಿ. ಆದಂಪುರದಿಂದ ನೇರ ದೂರ ಸುಮಾರು 300 ಕಿಲೋಮೀಟರ್. ರಾಡಾರ್ ಕಣ್ಣಿಗೆ ಬೀಳದಂತೆ ಮರದ ತುದಿಯ ಎತ್ತರದಲ್ಲಿ ಹೋಗಬೇಕು. ಅಷ್ಟು ಕೆಳಗೆ ಜೆಟ್ ಎಂಜಿನ್ನು ಎಣ್ಣೆಯನ್ನು ಕುಡಿದು ಹಾಕುತ್ತದೆ. ಹೋಗಿ, ಒಂದು ಸಲ ಹೊಡೆದು, ತಿರುಗಿ ಬರುವಷ್ಟೇ ಎಣ್ಣೆ. ದಾರಿಯಲ್ಲಿ ಯಾರ ಜತೆಗಾದರೂ ಕಾದಾಡಿದರೆ ಮನೆ ಮುಟ್ಟುವ ಹಾಗಿಲ್ಲ. ಇದನ್ನು ಹೊರಡುವ ಎಲ್ಲರೂ ಬಲ್ಲರು.

ದಾಳಿಗೆ ಹನ್ನೆರಡು ವಿಮಾನ. ಕೊನೆಯ ಗಳಿಗೆಯಲ್ಲಿ ಯಾರದಾದರೂ ಕೆಟ್ಟರೆ ಎಂದು ಮೀಸಲಿಗೆ ಎರಡು. ದೇವಯ್ಯನವರ ಹೆಸರಿದ್ದದ್ದು ಆ ಮೀಸಲು ಪಟ್ಟಿಯಲ್ಲಿ. ಬೆಳಕು ಹರಿಯುವ ಮುಂಚೆ, ರೇಡಿಯೊ ಮೌನದಲ್ಲಿ, ಒಂದರ ಹಿಂದೆ ಒಂದು ಎದ್ದ ವಿಮಾನಗಳಲ್ಲಿ ಒಂದು ಹಿಂದುಳಿಯಿತು. ಆ ಜಾಗಕ್ಕೆ ದೇವಯ್ಯ ಸೇರಿಕೊಂಡರು. ಯಾರೂ ತಪ್ಪದಿದ್ದರೆ ಅವರು ಆದಂಪುರಕ್ಕೆ ಮರಳಿ ಬೆಳಗಿನ ಚಹಾ ಕುಡಿಯುತ್ತಿದ್ದರು. ಆಕಸ್ಮಿಕ ಎನ್ನಬಹುದು, ನನಗೇನೋ ಮೀಸಲಿನವನಾಗಿ ಎದ್ದು ನಿಂತದ್ದರಲ್ಲೇ ಅರ್ಧ ನಿರ್ಧಾರ ಆಗಿತ್ತು ಎನಿಸುತ್ತದೆ.

ಸರ್ಗೋಧಾದ ಮೇಲೆ ದಾಳಿ ಮುಗಿಸಿ ಮಿಸ್ಟೇರ್‌ಗಳು ಪೂರ್ವಕ್ಕೆ ಮುಖ ಮಾಡಿದವು. ಸಕೇಸರ್ ಗುಡ್ಡದ ರಾಡಾರ್ ಕೇಂದ್ರದಿಂದ ಸೂಚನೆ ಪಡೆದು ಬೆನ್ನು ಹತ್ತಿದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್, ಒಂದು ಸ್ಟಾರ್‌ಫೈಟರ್‌ನಲ್ಲಿ. ಅವರ ಕಣ್ಣಿಗೆ ಬಿದ್ದದ್ದು ಹಿಂದೆ ಉಳಿದಿದ್ದ ದೇವಯ್ಯನವರ ವಿಮಾನ. ಮೊದಲು ಸೈಡ್‌ವೈಂಡರ್ ಬಿಟ್ಟರು. ಅಷ್ಟು ಕೆಳಗಿನ ಎತ್ತರದಲ್ಲಿ ಅದು ಗುರಿ ತಪ್ಪಿ ನೆಲಕ್ಕೆ ಹೋಯಿತು. ಆಮೇಲೆ ಫಿರಂಗಿಯಿಂದ ಹೊಡೆದರು. ಮಿಸ್ಟೇರ್‌ಗೆ ಪೆಟ್ಟು ಬಿತ್ತು. ಇಲ್ಲಿಗೆ ಮುಗಿಯಿತು ಎಂದು ಅಮ್ಜದ್ ಹುಸೇನ್ ಬೇರೆ ಮಿಸ್ಟೇರ್‌ಗಳ ಕಡೆ ತಿರುಗಿದರು.

ಹಿಂದೆ ಬಿಟ್ಟ ವಿಮಾನ ಬಿದ್ದಿರಲಿಲ್ಲ. ಗಾಯಗೊಂಡ ಮಿಸ್ಟೇರನ್ನು ಹತೋಟಿಗೆ ತಂದುಕೊಂಡು ದೇವಯ್ಯ ಸ್ಟಾರ್‌ಫೈಟರ್‌ನ ಮೇಲೆ ತಿರುಗಿ ಬಿದ್ದರು. ಅಮ್ಜದ್ ಹುಸೇನ್ ಆಗ ವೇಗ ಹೆಚ್ಚಿಸಿ ಮೇಲಕ್ಕೆ ಹಾರಿಬಿಟ್ಟಿದ್ದರೆ ಜಗತ್ತಿನ ಯಾವ ಮಿಸ್ಟೇರೂ ಅವರನ್ನು ಮುಟ್ಟುತ್ತಿರಲಿಲ್ಲ. ಅವರು ವೇಗ ಇಳಿಸಿ, ತಿರುಗುವ ಜಗಳಕ್ಕೆ ಇಳಿದರು. ಮರದ ಎತ್ತರದಲ್ಲಿ, ನಿಧಾನ ವೇಗದಲ್ಲಿ, ಸುತ್ತು ಹಾಕುವ ಕಾಳಗದಲ್ಲಿ ಹಳೆಯ ಫ್ರೆಂಚ್ ವಿಮಾನ ಹೊಸ ಅಮೆರಿಕನ್ ವಿಮಾನಕ್ಕಿಂತ ಬೇಗ ತಿರುಗಬಲ್ಲುದು. ಹತ್ತು ವರ್ಷ ವಿಮಾನಗಳ ಗುಣದೋಷ ಅರೆದು ಕುಡಿದಿದ್ದ ಶಿಕ್ಷಕನಿಗೆ ಅದು ಗೊತ್ತಿರಲಿಲ್ಲ ಎಂದು ನಂಬುವುದು ಕಷ್ಟ. ಎರಡು ಫಿರಂಗಿಗಳ ಗುಂಡು ಸ್ಟಾರ್‌ಫೈಟರ್‌ಗೆ ತಾಗಿದವು. ಹತೋಟಿ ಕಳೆದುಕೊಂಡ ಅಮ್ಜದ್ ಹುಸೇನ್ ಬಹಳ ತಗ್ಗಿನಲ್ಲಿ ಆಸನ ಸಮೇತ ಹೊರಗೆ ಹಾರಿ ಬದುಕಿಕೊಂಡರು. ದೇವಯ್ಯ ಹಾರಲಿಲ್ಲ. ಮಿಸ್ಟೇರ್ ನೆಲಕ್ಕೆ ಬಿತ್ತು. ಶವವನ್ನು ಅಲ್ಲಿಯ ಹಳ್ಳಿಯವರು ಹೊಲದಲ್ಲೇ ಹೂಳಿದರು ಎಂದು ಪಾಕಿಸ್ತಾನದ ಕಡೆಯ ಬರಹಗಳು ಹೇಳುತ್ತವೆ.

ಪೆಟ್ಟು ಬೀಳದಿದ್ದರೂ ಆ ಕಾಳಗದ ನಂತರ ಆದಂಪುರಕ್ಕೆ ಮುಟ್ಟುವಷ್ಟು ಎಣ್ಣೆ ಅವರಲ್ಲಿ ಉಳಿದಿರುತ್ತಿರಲಿಲ್ಲ. ತಿರುಗಿ ನಿಂತ ಕ್ಷಣದಲ್ಲೇ ಆ ಲೆಕ್ಕ ಅವರಿಗೆ ತಿಳಿದಿದ್ದಿರಬೇಕು.

ಆದಂಪುರದಲ್ಲಿ ಇಳಿದ ವಿಮಾನಗಳನ್ನು ಎಣಿಸಿದಾಗ ಒಂದು ಕಡಿಮೆ. ಕಾಳಗವನ್ನು ವಿವರಿಸಿ ಹೇಳಬಲ್ಲ ಸಾಕ್ಷಿ ನಮ್ಮ ಕಡೆ ಇರಲಿಲ್ಲ. ನೆಲದಿಂದ ಹಾರಿದ ಗುಂಡು ತಾಗಿರಬೇಕು ಎಂಬುದು ಆಗಿನ ಊಹೆಗಳಲ್ಲಿ ಒಂದು. ಕಡತದಲ್ಲಿ ಅವರ ಹೆಸರಿನ ಮುಂದೆ ಬಿದ್ದದ್ದು ‘ಕಾಣೆಯಾಗಿದ್ದಾರೆ’ ಎಂಬ ಷರಾ. ದಾಳಿಯನ್ನು ನಡೆಸಿದ ತನೇಜಾರಿಗೆ ವೀರ ಚಕ್ರ ಬಂತು. ಯುದ್ಧ ಶೌರ್ಯದ ಪದಕಕ್ಕೆ ಯಾರಾದರೂ ಕಂಡಿರಬೇಕು, ಕಂಡದ್ದನ್ನು ಬರೆಯಬೇಕು, ಬರೆದದ್ದನ್ನು ಮೇಲಿನವರು ಒಪ್ಪಬೇಕು. ಇದು ನ್ಯಾಯವಾದ ಕ್ರಮವೇ. ಆದರೆ ಒಬ್ಬನೇ ಹಾರುವ ವಿಮಾನದ ಪೈಲಟ್ ಒಂಟಿಯಾಗಿ ಕಾದಾಡಿ ಸತ್ತರೆ ಆ ಕ್ರಮಕ್ಕೆ ಕೈಕಾಲು ಇಲ್ಲ. ಕಾಲಾಳು ತುಕಡಿಯಲ್ಲಿ ಪಕ್ಕದ ಕಂದಕದವನಾದರೂ ಇರುತ್ತಾನೆ.

ಅದೇ ತಿಂಗಳ ಇನ್ನೊಂದು ಕೊಡಗಿನ ಕಥೆಯನ್ನು ಇದರ ಪಕ್ಕ ಇಟ್ಟು ನೋಡಬೇಕು. ಯುದ್ಧದ ಕೊನೆಯ ದಿನ, ಸೆಪ್ಟೆಂಬರ್ 22ರಂದು, ಹಂಟರ್ ವಿಮಾನದಲ್ಲಿ ಹೋಗಿದ್ದ ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪ ಗಡಿಯಾಚೆ ಬಿದ್ದು ಸೆರೆ ಸಿಕ್ಕರು. ಅವರು ಜನರಲ್ ಕಾರ್ಯಪ್ಪನವರ ಮಗ, ಮನೆಯಲ್ಲಿ ನಂದ. ಪಾಕಿಸ್ತಾನದ ಆಗಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಮಗನಿಗೆ ವಿಶೇಷ ಅನುಕೂಲ ಮಾಡಿಕೊಡುತ್ತೇನೆಂದು ಅವರು ಹೇಳಿ ಕಳಿಸಿದಾಗ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿ ಎಂಬರ್ಥದ ಉತ್ತರ ಮಡಿಕೇರಿಯಿಂದ ಹೋಯಿತು. ಕೊಡಗಿನ ಮನೆಮನೆಯಲ್ಲೂ, ನಮ್ಮ ಕಡೆಯ ಶಾಲೆಗಳಲ್ಲೂ ಈ ಪ್ರಸಂಗ ಹೇಳುತ್ತಾರೆ; ಹೇಳಬೇಕಾದದ್ದೇ. ನಂದ ಕಾರ್ಯಪ್ಪ ಬಿಡುಗಡೆಯಾಗಿ ಬಂದು ಮುಂದೆ ಏರ್ ಮಾರ್ಷಲ್ ಆದರು. ಎರಡು ವಾರ ಮೊದಲು ಅದೇ ಪಂಜಾಬಿನಲ್ಲಿ ಬಿದ್ದ ಅಜ್ಜಮಾಡ ಒಕ್ಕದವರ ಬಗ್ಗೆ ಹೇಳಲು ಆಗ ಯಾರ ಬಳಿಯೂ ಕಥೆ ಇರಲಿಲ್ಲ. ಮನೆಯವರ ಪಾಲಿಗೆ ಬಂದದ್ದು ಒಂದು ತಂತಿ, ಆಮೇಲೆ ಕಾಯುವಿಕೆ.

ಪಾಕಿಸ್ತಾನಕ್ಕೆ ಸೆಪ್ಟೆಂಬರ್ 7 ದೊಡ್ಡ ದಿನ. ಅಲ್ಲಿ ಅದನ್ನು ವಾಯುಪಡೆಯ ದಿನವಾಗಿ ಆಚರಿಸುತ್ತಾರೆ. ಭಾಷಣ, ಹಾರಾಟ ಪ್ರದರ್ಶನ ಎಲ್ಲ ಇರುತ್ತದೆ. ಅಂದಿನ ಗೆಲುವುಗಳನ್ನು ಬರೆಸಿಡುವುದರಲ್ಲಿ ಅವರು ನಮಗಿಂತ ಮುಂದಿದ್ದರು. ಬ್ರಿಟನ್ನಿನ ವಿಮಾನಯಾನ ಬರಹಗಾರ ಜಾನ್ ಫ್ರಿಕರ್‌ಗೆ ತಮ್ಮ ಪೈಲಟ್‌ಗಳ ಮತ್ತು ದಾಖಲೆಗಳ ಬಳಿ ಹೋಗಲು ದಾರಿ ಮಾಡಿಕೊಟ್ಟರು. 1979ರಲ್ಲಿ ‘ಬ್ಯಾಟಲ್ ಫಾರ್ ಪಾಕಿಸ್ತಾನ್’ ಹೊರಬಂತು. ಪುಸ್ತಕದ ಒಲವು ಯಾವ ಕಡೆಗೆ ಎಂದು ಹೆಸರೇ ಹೇಳುತ್ತದೆ. ಭಾರತೀಯ ಓದುಗರಿಗೆ ಅದರ ಹಲವು ಪುಟಗಳು ಕೆರಳಿಸುವಂಥವು. ಆದರೆ ಸರ್ಗೋಧಾದ ಬೆಳಗಿನ ದಾಳಿಯ ಭಾಗದಲ್ಲಿ, ಒಂದು ಸ್ಟಾರ್‌ಫೈಟರ್ ಹೇಗೆ ಹೋಯಿತು ಎಂಬುದನ್ನು ಫ್ರಿಕರ್ ಮುಚ್ಚಿಡದೆ ಬರೆದ: ಪೆಟ್ಟು ತಿಂದ ಮಿಸ್ಟೇರ್ ಒಂದು ತಿರುಗಿ ಬಿದ್ದು ಅದನ್ನು ಹೊಡೆಯಿತು. ಆ ಮಿಸ್ಟೇರಿನವನ ಹೆಸರು ಪುಸ್ತಕದಲ್ಲಿ ಇರಲಿಲ್ಲ. ಎದುರಾಳಿಗೆ ಹೆಸರು ತಿಳಿಯುವುದಾದರೂ ಹೇಗೆ?

ಹೆಸರು ಹುಡುಕುವುದು ಲೆಕ್ಕದ ಕೆಲಸ. ಆ ಬೆಳಗ್ಗೆ ಆ ದಾಳಿಯಿಂದ ಮರಳದೆ ಉಳಿದ ಮಿಸ್ಟೇರ್ ಒಂದೇ. ಅದರಲ್ಲಿದ್ದವರು ಯಾರೆಂದು ಆದಂಪುರದ ದಿನಚರಿ ನೋಡಿದರೆ ಗೊತ್ತಾಗುತ್ತದೆ. ಆದರೆ ಎರಡು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ತೆರೆದಿಡುವವರು ಬೇಕಲ್ಲ. ವಾಯುಪಡೆಯ ಇತಿಹಾಸ ಬರೆಯಲು ನೇಮಕಗೊಂಡಿದ್ದ ಏರ್ ಕಮೋಡೋರ್ ಪ್ರೀತಮ್ ಸಿಂಗ್ ಆ ಕೆಲಸ ಮಾಡಿದರು. ಪಾಕಿಸ್ತಾನದ ಕಡೆಯ ವಿವರ, ನಮ್ಮ ಕಡೆಯ ಸಮಯ, ಜಾಗ, ವಿಮಾನ, ಎಲ್ಲವನ್ನೂ ತಾಳೆ ನೋಡಿದರು. ಆ ಹೊತ್ತಿಗೆ ನಿವೃತ್ತರಾಗಿದ್ದ ತನೇಜಾ ಸುಮ್ಮನಿರಲಿಲ್ಲ. ತನ್ನ ಜತೆ ಬಂದು ಮರಳದೆ ಹೋದ ಅಧಿಕಾರಿಗೆ ಸಲ್ಲಬೇಕಾದದ್ದು ಸಲ್ಲಬೇಕೆಂದು ವಾಯುಪಡೆಗೆ ಬರೆದರು. ಹೀಗೆ ಶತ್ರು ದೇಶದ ಮಾಹಿತಿಯನ್ನು ಸಾಕ್ಷಿಯಾಗಿಟ್ಟುಕೊಂಡು, ಯುದ್ಧ ಮುಗಿದು ಎರಡು ದಶಕ ದಾಟಿದ ಮೇಲೆ, ದೇವಯ್ಯನವರಿಗೆ ಮಹಾವೀರ ಚಕ್ರ ಎಂದಾಯಿತು. ವಾಯುಪಡೆಯಲ್ಲಿ ಮರಣೋತ್ತರವಾಗಿ ಈ ಚಕ್ರ ಪಡೆದವರು ಅವರೊಬ್ಬರೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಸರ್ಕಾರಿ ಕಡತ ಎಷ್ಟು ನಿಧಾನ ಎಂದು ಬೈಯುವುದು ಸುಲಭ, ನನಗೂ ಬೈಯಬೇಕೆನಿಸುತ್ತದೆ. 1965ರ ಯುದ್ಧದ ಅಧಿಕೃತ ಇತಿಹಾಸವನ್ನು ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗ ಸಿದ್ಧಪಡಿಸಿದ್ದೇ 1992ರಲ್ಲಿ, ಅದೂ ಸೀಮಿತ ಓದುಗರಿಗಾಗಿ. ಪಿ. ವಿ. ಎಸ್. ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ 1965ರ ವಾಯುಯುದ್ಧದ ಬಗ್ಗೆ ಇಂಗ್ಲಿಷಿನಲ್ಲಿ ವಿವರವಾದ ಪುಸ್ತಕ ತಂದದ್ದು 2005ರಲ್ಲಿ, ನಲವತ್ತು ವರ್ಷದ ಮೇಲೆ. ಅದು ಖಾಸಗಿ ಆಸಕ್ತರ ದುಡಿಮೆ. ಸೋತದ್ದನ್ನು ಬರೆಯಲು ಅಂಜಿ ಗೆದ್ದದ್ದನ್ನೂ ಬರೆಯದೆ ಬಿಟ್ಟ ಹಾಗಾಯಿತು. ಅಮೆರಿಕದವರ ಅಭ್ಯಾಸ ಬೇರೆ. 1908ರ ಸೆಪ್ಟೆಂಬರ್ 17ರಂದು ಆರ್ವಿಲ್ ರೈಟ್ ನಡೆಸುತ್ತಿದ್ದ ವಿಮಾನ ಬಿದ್ದು ಅದರಲ್ಲಿ ಕುಳಿತಿದ್ದ ಸೇನಾ ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಜ್ ತೀರಿಕೊಂಡ. ಎಂಜಿನ್ನಿನ ವಿಮಾನದ ಅಪಘಾತದಲ್ಲಿ ಸತ್ತ ಮೊದಲ ಮನುಷ್ಯ ಆತ. ಆಗ ಅಮೆರಿಕದ ಸೇನೆಗೆ ಸ್ವಂತದ್ದೆಂಬ ವಿಮಾನವೇ ಇರಲಿಲ್ಲ. ಆದರೂ ಒಂಬತ್ತು ವರ್ಷದಲ್ಲಿ ಮಿಷಿಗನ್ನಿನ ಒಂದು ಸೇನಾ ವಿಮಾನ ನೆಲೆಗೆ ಅವನ ಹೆಸರು ಬಿತ್ತು. ಆ ನೆಲೆ ಇಂದಿಗೂ ಅದೇ ಹೆಸರಿನಲ್ಲಿದೆ. ಅವನು ಯುದ್ಧ ಮಾಡಿದವನೂ ಅಲ್ಲ. ನಮ್ಮಲ್ಲಿ ಮಡಿಕೇರಿಯ ವೃತ್ತವೊಂದಕ್ಕೆ ದೇವಯ್ಯನವರ ಹೆಸರಿದೆ. ಕೊಡಗಿನವರು ತಮ್ಮ ಮಟ್ಟಿಗೆ ಮಾಡಿದ ಕೆಲಸ ಅದು. ಅದರಾಚೆ ರಾಜ್ಯದ ಜನಕ್ಕೆ ಅವರ ಪರಿಚಯ ಕಡಿಮೆಯೇ.

ಅಮ್ಜದ್ ಹುಸೇನರ ಕಥೆಯನ್ನೂ ಮುಗಿಸಿಬಿಡಬೇಕು. ಆ ಬೆಳಗಿನ ಕಾಳಗಕ್ಕೆ ಅವರ ದೇಶ ಅವರನ್ನು ಗೌರವಿಸಿತು. 1971ರ ಡಿಸೆಂಬರಿನಲ್ಲಿ ಅವರು ಮತ್ತೆ ಸ್ಟಾರ್‌ಫೈಟರ್‌ನಲ್ಲಿ ಅಮೃತಸರದ ಮೇಲೆ ಬಂದಾಗ ನಮ್ಮ ನೆಲದ ಫಿರಂಗಿ ಹೊಡೆದು ಉರುಳಿಸಿತು. ಮತ್ತೆ ಆಸನ ಸಮೇತ ಹಾರಿ ಬದುಕಿಕೊಂಡರು, ಈ ಸಲ ಭಾರತದ ಸೆರೆಯಾಳಾಗಿ. ದೇವಯ್ಯ ಏನಾದರು ಎಂದು ಬಲ್ಲ ಮನುಷ್ಯ ನಮ್ಮದೇ ವಶದಲ್ಲಿದ್ದ. ಆದರೂ ಇಲ್ಲಿಯ ಕಡತದಲ್ಲಿ ಮಿಸ್ಟೇರಿನ ಹೆಸರು ಮತ್ತು ಸ್ಟಾರ್‌ಫೈಟರ್‌ನ ಹೆಸರು ಒಂದೇ ಪುಟಕ್ಕೆ ಬರಲು ಇನ್ನೂ ಎಂಟು ವರ್ಷ, ಒಬ್ಬ ಇಂಗ್ಲಿಷಿನವನು ಬೇಕಾಯಿತು.

ಪಾಕಿಸ್ತಾನದ ವಾಯುಪಡೆಯಲ್ಲಿದ್ದ ಏರ್ ಕಮೋಡೋರ್ ಕೈಸರ್ ತುಫೈಲ್ ಕೂಡ ಈ ಕಾಳಗದ ಬಗ್ಗೆ ಬರೆದಿದ್ದಾರೆ. ಎದುರಾಳಿಯ ಶೌರ್ಯವನ್ನು ಒಪ್ಪಿಕೊಳ್ಳುವ ಬರಹ ಅದು. ಈಚೆಗೆ, 2025ರ ಜನವರಿಯಲ್ಲಿ, ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರ ಬಂತು. ಸರ್ಗೋಧಾದ ದಾಳಿಯೇ ಅದರ ಕಥೆ. ದೇವಯ್ಯನವರನ್ನು ನೋಡಿ ಕಟ್ಟಿದ ಪಾತ್ರಕ್ಕೆ ಬೇರೆ ಹೆಸರಿಟ್ಟರು. ಚಿತ್ರದವರಿಗೆ ಅವರದೇ ಕಾರಣಗಳು ಇರುತ್ತವೆ. ಆದರೆ ಹೆಸರು ಸೇರಿಸಲೆಂದೇ ಇಪ್ಪತ್ತು ವರ್ಷ ಹಿಡಿದ ಕಥೆಯಲ್ಲಿ ಹೆಸರನ್ನೇ ಬದಲಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಅಜ್ಜಮಾಡ ಎಂಬ ಒಕ್ಕದ ಹೆಸರನ್ನು ದೇಶದ ಜನ ಒಂದು ಸಲವಾದರೂ ದೊಡ್ಡ ತೆರೆಯ ಮೇಲೆ ಓದಬಹುದಿತ್ತು.

ಟೈಗರ್ಸ್ ಈಗ ಗ್ವಾಲಿಯರಿನಿಂದ ಮಿರಾಜ್-2000 ಹಾರಿಸುತ್ತಾರೆ. ಮಿಸ್ಟೇರ್ ಕಟ್ಟಿದ ದಸ್ಸೊ ಕಂಪನಿಯದೇ ವಿಮಾನ. 2032ಕ್ಕೆ ಭಾರತೀಯ ವಾಯುಪಡೆಗೆ ನೂರು ತುಂಬುತ್ತದೆ, ದೇವಯ್ಯನವರ ಜನ್ಮ ಶತಮಾನವೂ ಅದೇ ಡಿಸೆಂಬರಿನಲ್ಲಿ. ಅಷ್ಟರೊಳಗೆ ಅವರ ಬದುಕನ್ನು ಕನ್ನಡದಲ್ಲಿ ಪೂರ್ತಿಯಾಗಿ ಬರೆಯಲು ಯಾರಾದರೂ ಮನಸ್ಸು ಮಾಡಿದರೆ ಸಾಮಗ್ರಿ ಮೂರು ಕಡೆ ಹುಡುಕಬೇಕು: ಬಾಲ್ಯದ ವಿವರಗಳಿಗೆ ಕೊಡಗಿನ ಒಕ್ಕದ ಹಿರಿಯರ ಬಳಿ, ಹಾರಾಟದ ಗಂಟೆಗಳ ಲೆಕ್ಕಕ್ಕೆ ದೆಹಲಿಯ ವಾಯುಪಡೆಯ ದಫ್ತರದಲ್ಲಿ, ಕೊನೆಯ ಹತ್ತು ನಿಮಿಷಗಳಿಗೆ ಗಡಿಯಾಚೆಯವರ ಬರಹಗಳಲ್ಲಿ. ಅವರಿಂದ ಹಾರಾಟ ಕಲಿತ ಹುಡುಗರು ಈಗ ಎಂಬತ್ತರ ಗಡಿ ದಾಟಿದವರು. ಆ ಶಿಷ್ಯರಲ್ಲಿ ಯಾರಾದರೂ ಇದ್ದರೆ ಮೊದಲು ಅವರ ಮನೆಯ ಬಾಗಿಲು ತಟ್ಟಬೇಕು. ಕಡತಗಳು ಇನ್ನೂ ಸ್ವಲ್ಪ ಕಾಯಬಲ್ಲವು.